ಒಂದೇ ತಿಂಡಿ, ಒಂದೇ ಗೂಡು, ಒಂದು ಇಲಿಗೆ ಮಾತ್ರ ಶುಗರ್ ಯಾಕೆ?

ಬದಿಯಡ್ಕ_ಲ್ಯಾಬ್:

ಕಳೆದ ವಾರ ಇಲ್ಲಿ ಶುಗರ್ ಬಗ್ಗೆ ಮಾತು ಬಂತು. ಹೆಚ್ಚಿನವರು ಬರೆದದ್ದು ಒಂದೇ: ತಿನ್ನುವುದು ಕಮ್ಮಿ ಮಾಡಿ, ನಡೆಯಿರಿ, ಎಲ್ಲ ಸರಿಯಾಗುತ್ತದೆ. ಸಪೂರ ಇರುವವರಿಗೆ ಶುಗರ್ ಬಂದರೆ "ಅವರು ಕದ್ದು ಸಿಹಿ ತಿನ್ನುತ್ತಾರೆ" ಅಂತಲೂ ಒಬ್ಬರು ಬರೆದಿದ್ದರು. ಆ ಮಾತು ನನಗೆ ತುಂಬ ಬೇಜಾರು ಮಾಡಿತು. ಅದಕ್ಕೇ ಇದನ್ನು ಬೇರೆಯೇ ಚರ್ಚೆಯಾಗಿ ಶುರು ಮಾಡುತ್ತಿದ್ದೇನೆ.

ಇಲಿಗಳ ದೇಹದಲ್ಲಿ ಇನ್ಸುಲಿನ್ ಹೇಗೆ ಹೊರಗೆ ಬರುತ್ತದೆ ಅಂತ ನೋಡುವ ಲ್ಯಾಬಿನಲ್ಲಿ ನಾನು ಕೆಲಸ ಮಾಡುತ್ತೇನೆ. ಲ್ಯಾಬಿನ ಇಲಿ ಅಂದ ಕೂಡಲೇ ಎಲ್ಲರಿಗೂ ಬಿಳಿ ಇಲಿ ಕಣ್ಣಿಗೆ ಬರುತ್ತದೆ. ಆದರೆ ಈ ಕೆಲಸದಲ್ಲಿ ಜಾಸ್ತಿ ಬಳಸುವ ಇಲಿ ಕಪ್ಪು. ಹೆಸರು ಸಿ57ಬಿಎಲ್/6ಜೆ. ನಾವೆಲ್ಲ ಬ್ಲ್ಯಾಕ್ ಸಿಕ್ಸ್ ಅನ್ನುತ್ತೇವೆ. ಈ ತಳಿಯನ್ನು 1921ರಲ್ಲಿ ಅಮೆರಿಕದ ಸಿ.ಸಿ. ಲಿಟ್ಲ್ ಶುರು ಮಾಡಿದರು. ಅವರೇ 1929ರಲ್ಲಿ ಮೇನ್ ರಾಜ್ಯದಲ್ಲಿ ಜಾಕ್ಸನ್ ಲ್ಯಾಬೊರೇಟರಿ ಕಟ್ಟಿದರು. ಹೆಸರಿನ ಕೊನೆಯಲ್ಲಿರುವ "ಜೆ" ಆ ಜಾಕ್ಸನ್‌ನದ್ದು.

ಈ ಇಲಿಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ವಂಶವಾಹಿಯಲ್ಲಿ ಹೆಚ್ಚುಕಮ್ಮಿ ಏನೂ ವ್ಯತ್ಯಾಸ ಇಲ್ಲ. ತಿನ್ನುವ ಉಂಡೆ ಒಂದೇ, ಗೂಡು ಒಂದೇ, ದೀಪ ಹಾಕಿ ಆರಿಸುವ ಹೊತ್ತೂ ಒಂದೇ. ಪಕ್ಕದ ಗೂಡಿನಲ್ಲಿ ಬೇರೆ ತಳಿಯ ಇಲಿ ಇಟ್ಟು ಅದಕ್ಕೂ ಇದೇ ಉಂಡೆ ಕೊಡಿ. ಆಮೇಲೆ ಎರಡಕ್ಕೂ ಗ್ಲೂಕೋಸ್ ಕೊಟ್ಟು ನೋಡಿ. ಒಂದರ ಶುಗರ್ ಬೇಗ ಇಳಿಯುತ್ತದೆ, ಇನ್ನೊಂದರದ್ದು ಎರಡು ಗಂಟೆ ಕಳೆದರೂ ಮೇಲೆಯೇ ಇರುತ್ತದೆ. ಇಲ್ಲಿ ಯಾರೂ ಕದ್ದು ತಿಂದಿಲ್ಲ. ವ್ಯತ್ಯಾಸ ಇರುವುದು ಹುಟ್ಟಿನಲ್ಲಿ.

ಪ್ರಶ್ನೆ ಇದ್ದರೆ ಕೇಳಿ. ಗೊತ್ತಿರುವಷ್ಟು ಬರೆಯುತ್ತೇನೆ.

ಮುಳ್ಳೇರಿಯ_ಕೃಷಿಕ:

ತಂಗೀ, ಒಳ್ಳೆಯ ವಿಷಯ ಎತ್ತಿದ್ದೀ. ನನಗೆ ಮೊದಲು ಇದನ್ನು ಹೇಳು. ಇಲಿಗೆ ಶುಗರ್ ನೋಡುವುದು ಹೇಗೆ? ಮನುಷ್ಯರಿಗಾದರೆ ಬೆರಳಿಗೆ ಚುಚ್ಚುತ್ತಾರೆ.

ಬದಿಯಡ್ಕ_ಲ್ಯಾಬ್:

ಅಣ್ಣ, ಇಲಿಗೆ ಬಾಲದ ತುದಿ. ಬೆಳಿಗ್ಗೆ ಗೂಡಿನಿಂದ ತಿಂಡಿ ತೆಗೆದು ಸುಮಾರು ಆರು ಗಂಟೆ ಉಪವಾಸ ಬಿಡುತ್ತೇವೆ. ನೀರು ಇರುತ್ತದೆ. ಆಮೇಲೆ ತೂಕ ನೋಡಿ, ಕಿಲೋಗೆ 2 ಗ್ರಾಂ ಲೆಕ್ಕದಲ್ಲಿ ಗ್ಲೂಕೋಸನ್ನು ಹೊಟ್ಟೆಯೊಳಗೆ ಚುಚ್ಚುತ್ತೇವೆ. ಇಲಿಯ ತೂಕ 25 ಗ್ರಾಂ ಇದ್ದರೆ 50 ಮಿಲಿಗ್ರಾಂ ಗ್ಲೂಕೋಸ್, ಅಷ್ಟೇ. ಚುಚ್ಚುವ ಮೊದಲೊಮ್ಮೆ, ಆಮೇಲೆ 15, 30, 60, 120 ನಿಮಿಷಕ್ಕೆ ಬಾಲದ ತುದಿಯಿಂದ ಒಂದು ಹನಿ ರಕ್ತ. ನೋಡುವುದು ನಿಮ್ಮ ಮನೆಯಲ್ಲಿರುವಂಥದ್ದೇ ಸ್ಟ್ರಿಪ್ ಹಾಕುವ ಮೀಟರಿನಲ್ಲಿ.

ಕಷ್ಟ ಇರುವುದು ಇನ್ಸುಲಿನ್ ಅಳೆಯುವುದರಲ್ಲಿ. ಅದಕ್ಕೆ ರಕ್ತ ಸ್ವಲ್ಪ ಜಾಸ್ತಿ ಬೇಕು. ಇಲಿಯ ಮೈಯಲ್ಲಿರುವ ಒಟ್ಟು ರಕ್ತವೇ 2 ಎಂಎಲ್‌ಗಿಂತ ಕಮ್ಮಿ. ಹಾಗಾಗಿ ಬಹಳ ಜನ ಮೇದೋಜೀರಕ ಗ್ರಂಥಿಯಿಂದ ಐಲೆಟ್ ತೆಗೆದು ನೋಡುತ್ತಾರೆ. ಐಲೆಟ್ ಅಂದರೆ ಇನ್ಸುಲಿನ್ ಮಾಡುವ ಬೀಟಾ ಕೋಶಗಳ ಸಣ್ಣ ಸಣ್ಣ ಗುಂಪು. ಮನುಷ್ಯರಲ್ಲಿ ಇವು ಹತ್ತು ಲಕ್ಷದ ಆಸುಪಾಸು ಇರುತ್ತವೆ. ಇಲಿಯಲ್ಲಿ ಕೆಲವು ಸಾವಿರ ಮಾತ್ರ. ಗ್ರಂಥಿಯನ್ನು ಕೊಲಾಜಿನೇಸ್ ಎಂಬ ಕಿಣ್ವದಲ್ಲಿ ಕರಗಿಸಿ, ಸೂಕ್ಷ್ಮದರ್ಶಕದ ಅಡಿಯಲ್ಲಿ ಐಲೆಟ್‌ಗಳನ್ನು ಒಂದೊಂದಾಗಿ ಪಿಪೆಟ್‌ನಲ್ಲಿ ಹೆಕ್ಕಬೇಕು. ದುಂಡಗೆ, ಬೆಳ್ಳಗೆ ಕಾಣುತ್ತವೆ. ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದೊಡ್ಡವು. ಕುತ್ತಿಗೆ ನೋಯುವ ಕೆಲಸ, ಆದರೆ ನನಗೆ ತುಂಬ ಇಷ್ಟ.

ಹೆಕ್ಕಿದ ಐಲೆಟ್‌ಗಳನ್ನು ಒಂದು ರಾತ್ರಿ ಸುಧಾರಿಸಲು ಬಿಟ್ಟು, ಮರುದಿನ ಮೊದಲು ಕಮ್ಮಿ ಗ್ಲೂಕೋಸ್ ಇರುವ ದ್ರವದಲ್ಲಿ, ಆಮೇಲೆ ಜಾಸ್ತಿ ಗ್ಲೂಕೋಸ್ ಇರುವ ದ್ರವದಲ್ಲಿ ಇಡುತ್ತೇವೆ. ನಿಮ್ಮ ರಿಪೋರ್ಟಿನ ಲೆಕ್ಕದಲ್ಲಿ ಹೇಳುವುದಾದರೆ ಮೊದಲಿನದ್ದು 50, ಎರಡನೆಯದ್ದು 300. ಒಳ್ಳೆಯ ಐಲೆಟ್ 50ರಲ್ಲಿ ಸುಮ್ಮನಿದ್ದು, 300 ಕಂಡ ಕೂಡಲೇ ಇನ್ಸುಲಿನ್ ಬಿಡುತ್ತದೆ.

ಜೀವಶಾಸ್ತ್ರ_ಮಾಷ್ಟ್ರು:

ಹತ್ತನೇ ಕ್ಲಾಸಿಗೆ ಇನ್ಸುಲಿನ್ ಪಾಠ ಮಾಡುವಾಗ ನಾನು "ಸಕ್ಕರೆ ಜಾಸ್ತಿಯಾದರೆ ಇನ್ಸುಲಿನ್ ಬರುತ್ತದೆ" ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತೇನೆ. ಪುಸ್ತಕದಲ್ಲೂ ಅಷ್ಟೇ ಇರುವುದು. ಆದರೆ ಕೋಶಕ್ಕೆ ಸಕ್ಕರೆ ಜಾಸ್ತಿಯಾಯಿತು ಅಂತ ಗೊತ್ತಾಗುವುದು ಹೇಗೆ? ಅದನ್ನು ಸ್ವಲ್ಪ ಬಿಡಿಸಿ ಬರೆಯಿರಿ. ಹಾಗೇ, ಆ ಕಪ್ಪು ಇಲಿಯಲ್ಲಿ ಕೆಟ್ಟಿರುವುದು ಯಾವುದು?

ಬದಿಯಡ್ಕ_ಲ್ಯಾಬ್:

ಮಾಷ್ಟ್ರೇ, ಎರಡು ಪ್ರಶ್ನೆಗೂ ಉತ್ತರ ಒಂದೇ ಕಡೆ ಇದೆ.

ಗ್ಲೂಕೋಸ್ ಬೀಟಾ ಕೋಶದ ಒಳಗೆ ಹೋಗುತ್ತದೆ. ಗ್ಲುಕೋಕೈನೇಸ್ ಎಂಬ ಕಿಣ್ವ ಅದನ್ನು ಹಿಡಿದು ಮುಂದಿನ ಕೆಲಸಕ್ಕೆ ಕಳಿಸುತ್ತದೆ. ರಕ್ತದಲ್ಲಿ ಗ್ಲೂಕೋಸ್ ಏರಿದಷ್ಟೂ ಈ ಕಿಣ್ವದ ವೇಗ ಏರುತ್ತದೆ. ಅಳತೆ ನಡೆಯುವುದು ಇಲ್ಲೇ. ಅಲ್ಲಿಂದ ಮುಂದೆ ಕೋಶದ ಒಳಗಿನ ಶಕ್ತಿ ಕೇಂದ್ರವಾದ ಮೈಟೊಕಾಂಡ್ರಿಯಾ, ಎಟಿಪಿ ಎಂಬ ಶಕ್ತಿಯ ಅಣುವನ್ನು ಮಾಡುತ್ತದೆ. ಎಟಿಪಿ ಜಾಸ್ತಿಯಾದಾಗ ಕೋಶದ ಹೊರಪೊರೆಯಲ್ಲಿರುವ ಪೊಟ್ಯಾಸಿಯಂ ಚಾನೆಲ್, ಅಂದರೆ ಪೊಟ್ಯಾಸಿಯಂ ಹೊರಗೆ ಹೋಗುವ ದಾರಿ, ಮುಚ್ಚುತ್ತದೆ. ಅದು ಮುಚ್ಚಿದರೆ ಪೊರೆಯ ವಿದ್ಯುತ್ ಸ್ಥಿತಿ ಬದಲಾಗಿ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಕ್ಯಾಲ್ಸಿಯಂ ಬಂದ ಕೂಡಲೇ ಇನ್ಸುಲಿನ್ ತುಂಬಿದ ಸಣ್ಣ ಚೀಲಗಳು ಪೊರೆಗೆ ಸೇರಿ ತೆರೆದುಕೊಳ್ಳುತ್ತವೆ. ಇದರಲ್ಲಿ ಯಾವ ಹಂತದ ವಂಶವಾಹಿ ಕೆಟ್ಟರೂ ಇನ್ಸುಲಿನ್ ಬರುವುದು ಕಮ್ಮಿಯಾಗಬಹುದು.

ಬ್ಲ್ಯಾಕ್ ಸಿಕ್ಸ್ ಜೆ ಇಲಿಯಲ್ಲಿ ಕೆಟ್ಟಿರುವುದು ಮೈಟೊಕಾಂಡ್ರಿಯಾದಲ್ಲಿ. 13ನೇ ವರ್ಣತಂತುವಿನಲ್ಲಿ ಎನ್ಎನ್‌ಟಿ ಅಂತ ಒಂದು ವಂಶವಾಹಿ ಇದೆ, ಅದರಿಂದ ಆಗುವ ಪ್ರೊಟೀನ್ ಕೆಲಸ ಮಾಡುವುದು ಮೈಟೊಕಾಂಡ್ರಿಯಾದಲ್ಲಿ. ಈ ಇಲಿಯಲ್ಲಿ ಅದರ ಐದು ತುಂಡು ಹಾರಿಹೋಗಿವೆ. ಇಂಗ್ಲೆಂಡಿನ ಹಾರ್ವೆಲ್ ಮತ್ತು ಆಕ್ಸ್‌ಫರ್ಡ್‌ನ ವಿಜ್ಞಾನಿಗಳು ಇದನ್ನು 2005ರಲ್ಲಿ ತೋರಿಸಿದರು. ಮರುವರ್ಷ ಅವರು ಸರಿಯಾದ ಎನ್ಎನ್‌ಟಿಯನ್ನು ಅದೇ ಇಲಿಗೆ ವಾಪಸ್ ಸೇರಿಸಿದರು. ಆಗ ಇನ್ಸುಲಿನ್ ಚೆನ್ನಾಗಿ ಬಂತು, ಶುಗರ್ ಇಳಿಯುವುದೂ ಸುಧಾರಿಸಿತು. ಬರೀ "ಇಲ್ಲಿ ತಪ್ಪಿದೆ" ಅಂತ ಬೆರಳು ತೋರಿಸಿ ಬಿಡಲಿಲ್ಲ, ಸರಿ ಮಾಡಿ ತೋರಿಸಿದರು. ನನಗೆ ಈ ಕ್ಷೇತ್ರದಲ್ಲಿ ತುಂಬ ಮೆಚ್ಚುಗೆ ಇರುವ ಕೆಲಸಗಳಲ್ಲಿ ಇದೂ ಒಂದು.

ಇನ್ನೊಂದು ಮುಖ್ಯ ವಿಷಯ. ಇದೇ ಬ್ಲ್ಯಾಕ್ ಸಿಕ್ಸ್‌ನ ಇನ್ನೊಂದು ಕವಲು 1951ರಲ್ಲಿ ಅಮೆರಿಕದ ಸರಕಾರಿ ಆರೋಗ್ಯ ಸಂಶೋಧನಾ ಸಂಸ್ಥೆಯಾದ ಎನ್ಐಎಚ್‌ಗೆ ಹೋಯಿತು. ಅದರ ಹೆಸರಿನ ಕೊನೆಯಲ್ಲಿ "ಎನ್" ಇದೆ. ಅದರಲ್ಲಿ ಎನ್ಎನ್‌ಟಿ ಸರಿ ಇದೆ. ಹೊರಗಿನಿಂದ ನೋಡಿದರೆ ಎರಡೂ ಕಪ್ಪು, ಎರಡೂ ಒಂದೇ. ವರದಿಯಲ್ಲಿ "ಬ್ಲ್ಯಾಕ್ ಸಿಕ್ಸ್ ಇಲಿ" ಅಂತ ಮಾತ್ರ ಬರೆದು ಜೆ ಯಾ ಎನ್ ಅಂತ ಹೇಳದಿದ್ದರೆ ಆ ವರದಿಯನ್ನು ಪೂರ್ತಿ ನಂಬಲು ಆಗುವುದಿಲ್ಲ. ಒಂದು ಗುಂಪಿಗೆ ಜೆ, ಹೋಲಿಸುವ ಗುಂಪಿಗೆ ಎನ್ ಬಳಸಿದರೆ ಮದ್ದಿನ ಪರಿಣಾಮ ಅಂತ ತಿಳಿದದ್ದು ತಳಿಯ ಪರಿಣಾಮ ಆಗಿರಬಹುದು.

ಕುಂಬಳೆ_ಔಷಧಿಅಂಗಡಿ:

ಆ ಪೊಟ್ಯಾಸಿಯಂ ಚಾನೆಲ್ ನಮಗೆ ದಿನಾ ಸಿಗುವ ವಿಷಯ. ಗ್ಲೈಮಿಪ್ರೈಡ್, ಗ್ಲಿಬೆಂಕ್ಲಮೈಡ್, ಗ್ಲಿಕ್ಲಜೈಡ್ ಮಾತ್ರೆಗಳು ಹೋಗಿ ಮುಚ್ಚುವುದು ಅದೇ ಚಾನೆಲ್ಲನ್ನು. ಅದಕ್ಕೇ ಊಟ ಬಿಟ್ಟು ಈ ಮಾತ್ರೆ ತಿಂದರೆ ಶುಗರ್ ತೀರಾ ಕೆಳಗೆ ಹೋಗುತ್ತದೆ. ಗ್ಲೂಕೋಸ್ ಇಲ್ಲದಿದ್ದರೂ ಚಾನೆಲ್ ಮುಚ್ಚಿ ಇನ್ಸುಲಿನ್ ಬಂದುಬಿಡುತ್ತದೆ. ಅಂಗಡಿಗೆ ಬಂದ ಅಜ್ಜಂದಿರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ. ಏಕಾದಶಿ ಉಪವಾಸ ಮಾಡುತ್ತಾರೆ, ಮಾತ್ರೆ ಮಾತ್ರ ಬಿಡುವುದಿಲ್ಲ. ಉಪವಾಸ ಮಾಡುವವರು ಮೊದಲೇ ಡಾಕ್ಟರನ್ನು ಕೇಳಿಕೊಳ್ಳಿ ಮಾರಾಯ್ರೇ.

ಮುಳ್ಳೇರಿಯ_ಕೃಷಿಕ:

ನನ್ನ ಸಂಶಯ ಬೇರೆ. ನನ್ನ ಅಣ್ಣ ದಪ್ಪ, ಹೊಟ್ಟೆ ಉಂಟು, ಮಧ್ಯಾಹ್ನ ಊಟಕ್ಕೆ ಕೂತರೆ ಬಾಳೆಲೆ ತುಂಬ ಅನ್ನ. ಅವನಿಗೆ ಶುಗರ್ ಇಲ್ಲ. ನಾನು ತೋಟದಲ್ಲಿ ದುಡಿಯುವವ, ಕುಚ್ಚಲಕ್ಕಿ ಗಂಜಿ ಉಣ್ಣುವವ, ನನಗೆ ಶುಗರ್. ದಪ್ಪ ಆಗುವುದೇ ಕಾರಣ ಆದರೆ ಅವನಿಗೆ ಮೊದಲು ಬರಬೇಕಿತ್ತು, ಅಲ್ವಾ?

ಬದಿಯಡ್ಕ_ಲ್ಯಾಬ್:

ಅಣ್ಣ, ಇದಕ್ಕೆ ಇಲಿಗಳಲ್ಲಿ ಸಿಕ್ಕಿದ ಉತ್ತರ ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲೇ ಬಹಳ ದೊಡ್ಡದು. ಸ್ವಲ್ಪ ಉದ್ದ ಬರೆಯುತ್ತೇನೆ.

1949ರಲ್ಲಿ ಜಾಕ್ಸನ್ ಲ್ಯಾಬಿನಲ್ಲಿ ವಿಪರೀತ ದಪ್ಪ ಆಗುವ ಇಲಿಗಳು ಕಂಡವು. ಅವಕ್ಕೆ "ಓಬಿ" ಅಂತ ಹೆಸರಿಟ್ಟರು. ಹಸಿವು ತಡೆಯುವ ಲೆಪ್ಟಿನ್ ಎಂಬ ಹಾರ್ಮೋನು ಅವುಗಳಲ್ಲಿ ಇಲ್ಲ ಅಂತ ಗೊತ್ತಾದದ್ದು 1994ರಲ್ಲಿ, ಜೆಫ್ರಿ ಫ್ರೀಡ್‌ಮನ್ ಅವರ ಕೆಲಸದಿಂದ. 1966ರಲ್ಲಿ ಇನ್ನೊಂದು ಬಗೆಯ ದಪ್ಪ ಇಲಿಯ ಬಗ್ಗೆ ವರದಿ ಬಂತು, "ಡಿಬಿ". ಅದಕ್ಕೆ ಲೆಪ್ಟಿನ್ ಇದೆ, ಲೆಪ್ಟಿನ್ ಹಿಡಿಯುವ ಗ್ರಾಹಕ ಕೆಟ್ಟಿದೆ.

ಅದೇ ಲ್ಯಾಬಿನ ಡಗ್ಲಾಸ್ ಕೋಲ್ಮನ್ ಈ ಕೆಟ್ಟ ವಂಶವಾಹಿಗಳನ್ನು ಎರಡು ಬೇರೆ ಬೇರೆ ತಳಿಗೆ ಸೇರಿಸಿ ನೋಡಿದರು. ಒಂದು ನಮ್ಮ ಬ್ಲ್ಯಾಕ್ ಸಿಕ್ಸ್. ಇನ್ನೊಂದು ಅದರ ಸಂಬಂಧಿ ತಳಿ, ಬಿಎಲ್‌ಕೆಎಸ್. ಎರಡು ತಳಿಯಲ್ಲೂ ಇಲಿಗಳು ದಪ್ಪ ಆದವು. ಬ್ಲ್ಯಾಕ್ ಸಿಕ್ಸ್‌ನಲ್ಲಿ ಐಲೆಟ್‌ಗಳು ಉಬ್ಬಿ ದೊಡ್ಡದಾದವು, ಇನ್ಸುಲಿನ್ ಧಾರಾಳ ಬಂತು, ಸ್ವಲ್ಪ ಸಮಯ ಏರಿದ್ದ ಶುಗರ್ ಮತ್ತೆ ಇಳಿಯಿತು. ಬಿಎಲ್‌ಕೆಎಸ್‌ನಲ್ಲಿ ಐಲೆಟ್‌ಗಳು ಸೋತು ನಾಶವಾದವು, ಶುಗರ್ ವಿಪರೀತ ಏರಿ ಇಲಿಗಳು ಬೇಗ ಸತ್ತವು. ಕೆಟ್ಟ ವಂಶವಾಹಿ ಒಂದೇ, ದಪ್ಪವೂ ಒಂದೇ. ಅದರ ಸುತ್ತ ಇದ್ದ ಉಳಿದ ವಂಶವಾಹಿಗಳು ಬೇರೆ.

ದಪ್ಪ ಆದರೆ ದೇಹಕ್ಕೆ ಇನ್ಸುಲಿನ್ ಜಾಸ್ತಿ ಬೇಕಾಗುತ್ತದೆ. ಅಷ್ಟು ಇನ್ಸುಲಿನ್ ಕೊಡುವ ತಾಕತ್ತು ಬೀಟಾ ಕೋಶಕ್ಕೆ ಇದ್ದರೆ ಶುಗರ್ ಬರುವುದಿಲ್ಲ. ಇಲ್ಲದಿದ್ದರೆ ಬರುತ್ತದೆ. ತಾಕತ್ತು ತೀರಾ ಕಮ್ಮಿ ಇದ್ದವರಿಗೆ ದಪ್ಪ ಆಗದೆಯೂ ಬರಬಹುದು. ನಿಮ್ಮ ಅಣ್ಣನಿಗೂ ನಿಮಗೂ ನಡುವಿನ ವ್ಯತ್ಯಾಸ ಇಂಥದ್ದೇ ಇರಬಹುದು. ತಂದೆ ತಾಯಿ ಒಬ್ಬರೇ ಆದರೂ ಅಣ್ಣತಮ್ಮಂದಿರಿಗೆ ಬರುವ ವಂಶವಾಹಿಗಳ ಪಾಲು ಒಂದೇ ಅಲ್ಲ.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಅಲನ್ ಆಟಿ ಅವರ ಗುಂಪು ಇದೇ ಪ್ರಶ್ನೆಯ ಹಿಂದೆ ಬಿತ್ತು. ಅವರು ಓಬಿಯನ್ನು ಬಿಟಿಬಿಆರ್ ಎಂಬ ತಳಿಗೆ ಸೇರಿಸಿದರು. ಅಲ್ಲೂ ಜೋರು ಶುಗರ್. ಎರಡು ತಳಿಯನ್ನು ಬೆರಸಿ, ಮೊಮ್ಮಕ್ಕಳ ತಲೆಮಾರಿನಲ್ಲಿ ಯಾವ ಇಲಿಗೆ ಯಾವ ತುಂಡು ಬಂದಿದೆ, ಯಾವುದಕ್ಕೆ ಶುಗರ್ ಇದೆ ಅಂತ ತಾಳೆ ಹಾಕುತ್ತಾ ಹೋದರು. 2006ರಲ್ಲಿ ಸಾರ್ಕ್ಸ್1 ಎಂಬ ವಂಶವಾಹಿ ಸಿಕ್ಕಿತು. ಒಮ್ಮೆ ಖಾಲಿಯಾದ ಇನ್ಸುಲಿನ್ ಚೀಲಗಳನ್ನು ಮತ್ತೆ ತುಂಬಿಸಿಕೊಳ್ಳಲು ಅದು ಬೇಕು ಅಂತ ಆಮೇಲೆ ತಿಳಿಯಿತು. ಸಪೂರ ಇಲಿಗೆ ಅದು ಇಲ್ಲದಿದ್ದರೂ ಹೇಗೋ ನಡೆಯುತ್ತದೆ. ದಪ್ಪ ಆಗಿ ಬೇಡಿಕೆ ಏರಿದಾಗ ಸಾಲದೆ ಬರುತ್ತದೆ.

ಪಯಸ್ವಿನಿ:

ಓದುತ್ತಾ ಇದ್ದೇನೆ, ಆಸಕ್ತಿ ಇದೆ. ಆದರೆ ನನಗೆ ಸಂಕಟವೂ ಆಗುತ್ತಿದೆ. ಇಷ್ಟು ಇಲಿಗಳನ್ನು ಕೊಲ್ಲುವುದು ಸರಿಯಾ? ಯಾರ ಅನುಮತಿ ಇರುತ್ತದೆ?

ಬದಿಯಡ್ಕ_ಲ್ಯಾಬ್:

ಅಕ್ಕ, ಕೇಳಬೇಕಾದ ಪ್ರಶ್ನೆ. ಐಲೆಟ್ ತೆಗೆಯಬೇಕಾದರೆ ಇಲಿ ಉಳಿಯುವುದಿಲ್ಲ. ಇದನ್ನು ಮುಚ್ಚಿಡುವುದು ಸರಿಯಲ್ಲ. ನಮ್ಮ ದೇಶದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಇದಕ್ಕೇ ಒಂದು ಕೇಂದ್ರ ಸಮಿತಿ ಇದೆ. ಪ್ರತಿ ಸಂಸ್ಥೆಯಲ್ಲೂ ನೈತಿಕತೆ ಸಮಿತಿ ಇರಬೇಕು. ಎಷ್ಟು ಇಲಿ, ಯಾಕೆ ಅಷ್ಟು, ನೋವು ಆಗದ ಹಾಗೆ ಏನು ಮಾಡುತ್ತೀರಿ, ಇಲಿ ಇಲ್ಲದೆ ಈ ಕೆಲಸ ಆಗುವುದಿಲ್ಲವಾ ಅಂತ ಬರೆದು ಒಪ್ಪಿಗೆ ತೆಗೆದುಕೊಳ್ಳಬೇಕು. ನನ್ನ ಮಟ್ಟಿಗೆ ಹೇಳುವುದಾದರೆ, ಯಾವ ತಳಿ ಅಂತ ಸರಿಯಾಗಿ ನೋಡದೆ ಪ್ರಯೋಗ ಮಾಡಿ ಆ ಲೆಕ್ಕವನ್ನೆಲ್ಲ ಬಿಸಾಡಬೇಕಾಗಿ ಬರುವುದು ದೊಡ್ಡ ಅನ್ಯಾಯ. ಜೆ, ಎನ್ ಬಗ್ಗೆ ಮೇಲೆ ಅಷ್ಟು ಒತ್ತಿ ಬರೆದದ್ದು ಅದಕ್ಕೂ ಸೇರಿ.

ಪಯಸ್ವಿನಿ:

ಸಂಕಟ ಹೋಗಿಲ್ಲ, ಆದರೆ ಮುಚ್ಚಿಡದೆ ಹೇಳಿದ್ದಕ್ಕೆ ಥ್ಯಾಂಕ್ಸ್. ಇನ್ನೊಂದು ಕೇಳುತ್ತೇನೆ. ಎಲ್ಲ ಇಲಿ ಒಂದೇ ಥರ ಆಗಬೇಕಾದರೆ ಸಂಬಂಧದಲ್ಲೇ ಮರಿ ಮಾಡಿಸುತ್ತಾರೆ ಅಂತ ಕೇಳಿದ್ದೇನೆ. ನಮ್ಮಲ್ಲಿ ಸೋದರಮಾವನ ಮಗಳನ್ನು ಮದುವೆ ಆಗುವುದು ಕೆಲವು ಮನೆಗಳಲ್ಲಿ ಈಗಲೂ ಉಂಟು. ಹಾಗಾದರೆ ನಾವೂ ಈ ಇಲಿಗಳ ಹಾಗೆಯೇ?

ಬದಿಯಡ್ಕ_ಲ್ಯಾಬ್:

ಇಲ್ಲ ಅಕ್ಕ, ಅಷ್ಟು ದೂರ ಹೋಗುವುದಿಲ್ಲ. ಲ್ಯಾಬಿನ ತಳಿ ಅನ್ನಿಸಿಕೊಳ್ಳಬೇಕಾದರೆ ಒಡಹುಟ್ಟಿದ ಗಂಡು ಹೆಣ್ಣನ್ನೇ ಸೇರಿಸಿ ಕಮ್ಮಿ ಅಂದರೂ 20 ತಲೆಮಾರು ದಾಟಿರಬೇಕು. ಆಗ ಎಲ್ಲವೂ ಅವಳಿ ಮಕ್ಕಳ ಹಾಗೆ ಆಗುತ್ತವೆ. ಸಂಬಂಧದ ಮದುವೆಯಿಂದ ಕೆಲವು ಅಪರೂಪದ ಕಾಯಿಲೆಗಳ ಸಾಧ್ಯತೆ ಏರುವುದು ನಿಜ. ಆದರೆ ಅದು ಬೇರೆ ಲೆಕ್ಕ.

ಮನುಷ್ಯರ ಹಾಗೆ ವೈವಿಧ್ಯ ಇರುವ ಇಲಿಗಳೂ ಬೇಕು ಅಂತ ವಿಜ್ಞಾನಿಗಳಿಗೂ ಅನ್ನಿಸಿತು. ಎಂಟು ತಳಿಗಳನ್ನು ಬೆರಸಿ ಡೈವರ್ಸಿಟಿ ಔಟ್‌ಬ್ರೆಡ್ ಎಂಬ ಗುಂಪು ಮಾಡಿದ್ದಾರೆ. ಎಂಟರಲ್ಲಿ ಮೂರು ಕಾಡು ಇಲಿಯಿಂದ ಬಂದ ತಳಿಗಳು. ಈ ಗುಂಪಿನಲ್ಲಿ ಯಾವ ಎರಡು ಇಲಿಯೂ ಒಂದೇ ಅಲ್ಲ. ಕಪ್ಪು, ಬಿಳಿ, ಕಂದು ಎಲ್ಲ ಬಣ್ಣ ಇರುತ್ತವೆ. ಆಟಿ ಅವರ ಗುಂಪು ಇಂಥ ಐನೂರರ ಹತ್ತಿರ ಇಲಿಗಳ ಐಲೆಟ್ ತೆಗೆದು, ಗ್ಲೂಕೋಸಿಗೆ ಮಾತ್ರ ಅಲ್ಲ, ಬೇರೆ ಬೇರೆ ಪ್ರಚೋದಕಗಳಿಗೂ ಎಷ್ಟು ಇನ್ಸುಲಿನ್ ಬರುತ್ತದೆ ಅಂತ ಅಳೆದು 2019ರಲ್ಲಿ ಪ್ರಕಟಿಸಿತು. ಕಾಯಿಲೆ ಇಲ್ಲದ ಇಲಿಗಳಲ್ಲೇ ಇನ್ಸುಲಿನ್ ಬಿಡುವ ತಾಕತ್ತು ಒಂದಕ್ಕೊಂದು ಬಹಳ ಬೇರೆ ಇತ್ತು. ಆ ವ್ಯತ್ಯಾಸಕ್ಕೆ ಕಾರಣವಾದ ವರ್ಣತಂತುವಿನ ಜಾಗಗಳನ್ನು ಹುಡುಕಿದರು. ಅದರಲ್ಲಿ ಹಂಕ್, ಪಿಟಿಪಿಎನ್18, ಝಡ್ಎಫ್‌ಪಿ148 ಎಂಬ ಮೂರು ವಂಶವಾಹಿಗಳನ್ನು ಬೇರೆ ಇಲಿಗಳಲ್ಲಿ ತೆಗೆದು ಹಾಕಿ ಪರೀಕ್ಷೆ ಮಾಡಿದರು.

ಜೀವಶಾಸ್ತ್ರ_ಮಾಷ್ಟ್ರು:

ಹಾಗಾದರೆ ಆಯ್ದು ಆಯ್ದು ಸಾಕಿದರೆ ಚೆನ್ನಾಗಿರುವ ಗುಂಪಿನಿಂದಲೇ ಶುಗರ್ ಇರುವ ತಳಿ ಮಾಡಬಹುದಾ?

ಬದಿಯಡ್ಕ_ಲ್ಯಾಬ್:

ಮಾಡಿದ್ದಾರೆ ಮಾಷ್ಟ್ರೇ, ಇಲಿಯಲ್ಲಿ ಅಲ್ಲ, ಅದಕ್ಕಿಂತ ದೊಡ್ಡದಾದ ರ‍್ಯಾಟ್‌ನಲ್ಲಿ. ಜಪಾನಿನ ಗೋಟೊ ಮತ್ತು ಕಾಕಿಝಾಕಿ ಸಾಮಾನ್ಯ ವಿಸ್ಟಾರ್ ರ‍್ಯಾಟ್‌ಗಳಿಗೆ ಗ್ಲೂಕೋಸ್ ಕುಡಿಸಿ, ಶುಗರ್ ಸ್ವಲ್ಪ ಮೇಲಿದ್ದವನ್ನು ಮಾತ್ರ ಆರಿಸಿ ಮರಿ ಮಾಡಿಸುತ್ತಾ ಹೋದರು. ಕೆಲವೇ ತಲೆಮಾರಿನಲ್ಲಿ ಸಪೂರ ಇದ್ದೂ ಶುಗರ್ ಇರುವ ತಳಿ ಸಿಕ್ಕಿತು. ಅದನ್ನು ಜಿಕೆ ರ‍್ಯಾಟ್ ಅನ್ನುತ್ತಾರೆ. ದೊಡ್ಡ ತಪ್ಪು ಒಂದೂ ಹೊರಗಿನಿಂದ ಸೇರಿಸಿದ್ದಲ್ಲ. ಮೊದಲೇ ಇದ್ದ ಸಣ್ಣ ಸಣ್ಣ ಕೊರತೆಗಳು ಒಂದೇ ಕಡೆ ಸೇರಿಕೊಂಡವು.

ಮುಳ್ಳೇರಿಯ_ಕೃಷಿಕ:

ಇದು ನನಗೆ ಕೂಡಲೇ ಅರ್ಥ ಆಯಿತು. ತೆಂಗಿಗೆ ತಾಯಿ ಮರ ಆರಿಸುವಾಗ ನಾವು ಮಾಡುವುದೂ ಇದೇ, ಒಳ್ಳೆಯದನ್ನು ಆರಿಸುತ್ತೇವೆ ಅಷ್ಟೇ. 2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ವರದಿಯಲ್ಲಿ ದೇಶದಲ್ಲಿ ಶುಗರ್ ಇರುವವರು ಶೇಕಡಾ 11.4, ಕೇರಳದಲ್ಲಿ 25.5 ಅಂತ ಪೇಪರಿನಲ್ಲಿ ಓದಿದ್ದೆ. ಈ ವ್ಯತ್ಯಾಸವೂ ವಂಶವಾಹಿಯಿಂದಲೇ?

ಬದಿಯಡ್ಕ_ಲ್ಯಾಬ್:

ಅದನ್ನು ವಂಶವಾಹಿಯ ತಲೆಗೆ ಕಟ್ಟಬೇಡಿ ಅಣ್ಣ. ಒಂದೆರಡು ತಲೆಮಾರಿನಲ್ಲಿ ವಂಶವಾಹಿ ಬದಲಾಗುವುದಿಲ್ಲ, ಊಟ, ಕೆಲಸ, ಆಯಸ್ಸು ಬದಲಾಗಿವೆ. ಇಲಿ ಕಲಿಸುವುದೂ ಇದನ್ನೇ. ಬ್ಲ್ಯಾಕ್ ಸಿಕ್ಸ್ ಜೆ ಇಲಿಗೆ ಮಾಮೂಲಿ ಉಂಡೆ ಕೊಟ್ಟರೆ ಪೂರ್ತಿ ಶುಗರ್ ಕಾಯಿಲೆ ಬರುವುದಿಲ್ಲ. ಜಿಡ್ಡು ತುಂಬಿದ ತಿಂಡಿ ಕೊಟ್ಟರೆ ದಪ್ಪ ಆಗಿ ಶುಗರ್ ಏರುತ್ತದೆ. ಅದೇ ಜಿಡ್ಡಿನ ತಿಂಡಿ ಎ/ಜೆ ಎಂಬ ತಳಿಗೆ ಕೊಟ್ಟರೆ ಅಷ್ಟು ಏರುವುದಿಲ್ಲ. ಊಟವೂ ಬೇಕು, ಹುಟ್ಟೂ ಬೇಕು. ಹಾಗಾಗಿ ಪಥ್ಯ ಬಿಡಿ ಅಂತ ನಾನು ಹೇಳುತ್ತಿಲ್ಲ. ಹುಟ್ಟಿನಿಂದ ತಾಕತ್ತು ಕಮ್ಮಿ ಇದ್ದವರಿಗೆ ಪಥ್ಯದ ಅಗತ್ಯ ಇನ್ನೂ ಜಾಸ್ತಿ. ಅವರನ್ನು ಬೈಯುವುದು ಬೇಡ ಅಂತ ಮಾತ್ರ ಹೇಳುತ್ತಿದ್ದೇನೆ.

ಉಪ್ಪಳದ_ಅಮ್ಮ:

ಇಷ್ಟು ದಿನ ಈ ಗುಂಪಿನಲ್ಲಿ ಓದುವುದು ಮಾತ್ರ ಮಾಡುತ್ತಿದ್ದೆ. ಇವತ್ತು ಬರೆಯಲೇಬೇಕು ಅನ್ನಿಸಿತು. ನನ್ನ ಮಗನಿಗೆ 22 ವರ್ಷ. ಕಡ್ಡಿಯ ಹಾಗೆ ಇದ್ದಾನೆ. ಕೆಲಸಕ್ಕೆ ಸೇರುವ ಮೊದಲು ಮಾಡಿಸಿದ ತಪಾಸಣೆಯಲ್ಲಿ ಶುಗರ್ ಸಿಕ್ಕಿತು. ತೋರಿಸಲು ಹೋದ ಕಡೆ ಎಲ್ಲರ ಎದುರು ಅವನಿಗೆ ಬೈದರು. ಕೋಲಾ ಕುಡಿಯುತ್ತೀಯಾ, ಬೇಕರಿ ತಿನ್ನುತ್ತೀಯಾ, ಅಮ್ಮನಿಗೆ ಸುಳ್ಳು ಹೇಳುತ್ತೀಯಾ ಅಂತ. ಮನೆಗೆ ಬಂದು ಅವನು ಊಟವೇ ಬಿಟ್ಟ. ಅವನ ಅಪ್ಪನಿಗೆ ಮೂವತ್ತರ ಒಳಗೆ ಶುಗರ್ ಬಂದಿತ್ತು. ಮಾವನಿಗೂ ಚಿಕ್ಕ ವಯಸ್ಸಿನಲ್ಲೇ ಇತ್ತು ಅಂತ ಅತ್ತೆ ಹೇಳುತ್ತಾರೆ. ಯಾರೂ ದಪ್ಪ ಇಲ್ಲ. ಇದು ನೀನು ಹೇಳುವ ವಿಷಯವೇ ಮಗಳೇ?

ಬದಿಯಡ್ಕ_ಲ್ಯಾಬ್:

ಅಮ್ಮ, ನಿಮ್ಮ ಮಗನಿಗೆ ಮೊದಲು ಇದನ್ನು ಹೇಳಿ: ಅವನ ತಪ್ಪು ಏನೂ ಇಲ್ಲ.

ನಾನು ಡಾಕ್ಟರ್ ಅಲ್ಲ, ಇಲ್ಲಿ ಕೂತು ಇಂಥದ್ದೇ ಕಾಯಿಲೆ ಅಂತ ಹೇಳಲು ಆಗುವುದಿಲ್ಲ. ಆದರೆ ಮೂರು ತಲೆಮಾರು, ಚಿಕ್ಕ ವಯಸ್ಸು, ಸಪೂರ ಮೈ, ಈ ಮೂರು ಒಟ್ಟಿಗೆ ಇದ್ದರೆ ಡಾಕ್ಟರು ಮೋಡಿ ಎಂಬ ಬಗೆಯನ್ನು ಯೋಚಿಸಬೇಕು. ಒಂದೇ ವಂಶವಾಹಿ ಕೆಟ್ಟು ಬರುವ ಶುಗರ್ ಇದು. ತಂದೆ ತಾಯಿಯಲ್ಲಿ ಒಬ್ಬರಿಗೆ ಇದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಗ್ಲುಕೋಕೈನೇಸ್ ಕೆಟ್ಟಿದ್ದರೆ ಶುಗರ್ ಸ್ವಲ್ಪವೇ ಮೇಲಿದ್ದು ಹಾಗೇ ನಿಲ್ಲುತ್ತದೆ, ಹೆಚ್ಚಿನವರಿಗೆ ಮದ್ದೇ ಬೇಡ. ಎಚ್ಎನ್ಎಫ್1ಎ ಎಂಬ ವಂಶವಾಹಿ ಕೆಟ್ಟಿದ್ದರೆ ವರ್ಷ ಹೋದ ಹಾಗೆ ಏರುತ್ತದೆ, ಆದರೆ ಕುಂಬಳೆ ಅಣ್ಣ ಹೇಳಿದ ಮಾತ್ರೆಗಳು ಕಮ್ಮಿ ಡೋಸಿನಲ್ಲೇ ಚೆನ್ನಾಗಿ ಹಿಡಿಯುತ್ತವೆ. ಚೆನ್ನೈಯ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ನಮ್ಮ ದೇಶದ ಜನರಲ್ಲಿ ಮೋಡಿ ಬಗ್ಗೆ ಬಹಳ ಕೆಲಸ ಮಾಡಿದೆ.

ಯಾವ ವಂಶವಾಹಿ ಅಂತ ತಿಳಿದರೆ ಎಷ್ಟು ಬದಲಾಗುತ್ತದೆ ಅನ್ನಲು ಒಂದು ಉದಾಹರಣೆ. ಹುಟ್ಟಿ ಆರು ತಿಂಗಳ ಒಳಗೆ ಶುಗರ್ ಬರುವ ಮಕ್ಕಳಲ್ಲಿ ಕೆಲವರಿಗೆ ಆ ಪೊಟ್ಯಾಸಿಯಂ ಚಾನೆಲ್ಲೇ ಕೆಟ್ಟಿರುತ್ತದೆ, ಮುಚ್ಚುವುದಿಲ್ಲ. ಇದು 2004ರಲ್ಲಿ ಗೊತ್ತಾಯಿತು. 2006ರಲ್ಲಿ ಇಂಥ 49 ಮಂದಿಗೆ ಚಾನೆಲ್ ಮುಚ್ಚುವ ಮಾತ್ರೆ ಕೊಟ್ಟು ನೋಡಿದರು. 44 ಮಂದಿ ಇನ್ಸುಲಿನ್ ಇಂಜೆಕ್ಷನ್ ಬಿಟ್ಟು ಮಾತ್ರೆಯಲ್ಲೇ ಉಳಿದರು.

ಜೀವಶಾಸ್ತ್ರ_ಮಾಷ್ಟ್ರು:

ಇದೆಲ್ಲ ಇಲಿಯಿಂದಲೇ ಗೊತ್ತಾದದ್ದಾ?

ಬದಿಯಡ್ಕ_ಲ್ಯಾಬ್:

ಅಲ್ಲ ಮಾಷ್ಟ್ರೇ. ಎಚ್ಎನ್ಎಫ್1ಎ ಒಂದು ಪ್ರತಿ ಕೆಟ್ಟರೆ ಸಾಕು, ಮನುಷ್ಯನಿಗೆ ಶುಗರ್ ಬರುತ್ತದೆ. ಇಲಿಯಲ್ಲಿ ಒಂದು ಪ್ರತಿ ತೆಗೆದರೆ ಏನೂ ಆಗುವುದಿಲ್ಲ, ಎರಡೂ ತೆಗೆಯಬೇಕು. ಇಲಿಗೆ ಇನ್ಸುಲಿನ್ ವಂಶವಾಹಿಯೇ ಎರಡು, ನಮಗೆ ಒಂದು. ಎನ್ಎನ್‌ಟಿ ಪೂರ್ತಿ ಕೆಟ್ಟ ಮನುಷ್ಯರಲ್ಲಿ ಮೊದಲು ಗೊತ್ತಾದದ್ದು ಶುಗರ್ ಅಲ್ಲ, ಅಡ್ರಿನಲ್ ಗ್ರಂಥಿಯ ತೊಂದರೆ. ಇಲಿಯಲ್ಲಿ ಸಿಕ್ಕಿದ್ದನ್ನು ಮನುಷ್ಯರಲ್ಲಿ, ಮನುಷ್ಯರಲ್ಲಿ ಸಿಕ್ಕಿದ್ದನ್ನು ಇಲಿಯಲ್ಲಿ ಮತ್ತೆ ನೋಡಲೇಬೇಕು.

ಉಪ್ಪಳದ_ಅಮ್ಮ:

ಈಗ ನಾನು ಎಂತ ಮಾಡಬೇಕು?

ಬದಿಯಡ್ಕ_ಲ್ಯಾಬ್:

ಒಂದು ಹಾಳೆಯಲ್ಲಿ ಮನೆಯವರ ಪಟ್ಟಿ ಬರೆಯಿರಿ ಅಮ್ಮ. ಮಾವ, ಅವರ ಒಡಹುಟ್ಟಿದವರು, ನಿಮ್ಮ ಗಂಡ, ಅವರ ಒಡಹುಟ್ಟಿದವರು, ಮಕ್ಕಳು. ಯಾರಿಗೆ ಎಷ್ಟನೇ ವಯಸ್ಸಿನಲ್ಲಿ ಶುಗರ್ ಸಿಕ್ಕಿತು, ಆಗ ಮೈಕಟ್ಟು ಹೇಗಿತ್ತು, ಈಗ ಮಾತ್ರೆಯಾ ಇಂಜೆಕ್ಷನ್ನಾ. ಶುಗರ್ ಇಲ್ಲದವರನ್ನೂ ಬರೆಯಿರಿ. ಅದನ್ನು ಹಿಡಿದುಕೊಂಡು ಹಾರ್ಮೋನು ತಜ್ಞರಾದ ಡಾಕ್ಟರ ಹತ್ತಿರ ಹೋಗಿ, ಸಿ-ಪೆಪ್ಟೈಡ್ ಮತ್ತು ಜಿಎಡಿ ಆಂಟಿಬಾಡಿ ಪರೀಕ್ಷೆ ಮಾಡಿಸಬೇಕಾ ಅಂತ ಕೇಳಿ. ಅವನ ದೇಹ ಸ್ವಂತ ಇನ್ಸುಲಿನ್ ಎಷ್ಟು ಮಾಡುತ್ತಿದೆ ಅಂತ ಮೊದಲನೆಯದು ಹೇಳುತ್ತದೆ. ದೇಹವೇ ಬೀಟಾ ಕೋಶವನ್ನು ನಾಶ ಮಾಡುವ ಟೈಪ್ 1 ಹೌದಾ ಅಲ್ಲವಾ ಅಂತ ನೋಡಲು ಎರಡನೆಯದು. ಅದು ನೋಡಿದ ಮೇಲೆ ವಂಶವಾಹಿ ಪರೀಕ್ಷೆ ಬೇಕಾ ಅಂತ ಅವರು ಹೇಳುತ್ತಾರೆ.

ಕುಂಬಳೆ_ಔಷಧಿಅಂಗಡಿ:

ಅಕ್ಕ, ಅಲ್ಲಿಯವರೆಗೆ ಅವನಿಗೆ ಈಗ ಬರೆದುಕೊಟ್ಟಿರುವ ಮಾತ್ರೆ ನಿಲ್ಲಿಸಬೇಡಿ, ಊಟವನ್ನೂ ಬಿಡಿಸಬೇಡಿ. ಸಿ-ಪೆಪ್ಟೈಡ್‌ಗೆ ರಕ್ತ ಕೊಡುವಾಗ ಅದೇ ಹೊತ್ತಿಗೆ ಶುಗರ್ ಕೂಡ ನೋಡಲು ಹೇಳಿ. ಶುಗರ್ ಎಷ್ಟಿದ್ದಾಗ ಎಷ್ಟು ಬಂತು ಅಂತ ಗೊತ್ತಿಲ್ಲದಿದ್ದರೆ ಆ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. ಹಳೆಯ ರಿಪೋರ್ಟ್‌ಗಳನ್ನೆಲ್ಲ ಒಂದೇ ಫೈಲಿಗೆ ಹಾಕಿ ಇಟ್ಟುಕೊಳ್ಳಿ, ಅವನ ಅಪ್ಪನದ್ದೂ ಸೇರಿಸಿ.